ಕೊಳ್ಳುವ ಮುನ್ನ ವಜ್ರವನ್ನು ಅರಿಯುವ ಬಗೆ

ಬಂಗಾರವನ್ನು ಕೊಳ್ಳುವವನಿಗೆ ಒರೆಗಲ್ಲಿನ ಆಸರೆಯುಂಟು. ಒರೆಗೆ ಹಚ್ಚಿದರೆ ಅದರ ಗುಣ ಬಹುಮಟ್ಟಿಗೆ ತಿಳಿಯುತ್ತದೆ. ಒಡವೆಯನ್ನು ಕರಗಿಸಿದರೂ ಲೋಹದ ಬೆಲೆ ಉಳಿಯುತ್ತದೆ. ವಜ್ರದ ವಿಷಯ ಹಾಗಲ್ಲ. ನೋಟಕ್ಕೆ ಒಂದೇ ಬಗೆಯವೆಂದು ತೋರುವ, ಒಂದೇ ತೂಕದ ಎರಡು ಹರಳುಗಳ ಬೆಲೆಯಲ್ಲಿ ಅನೇಕ ಪಟ್ಟು ಅಂತರವಿರಬಹುದು. ಸಿಂದಗಿ ಸೀಮೆಯ ಮೋರಟಗಿಯಂತಹ ಊರಿನಿಂದ ಒಂದು ಒಕ್ಕಲು ಮನೆತನವು ಮಗಳ ಮದುವೆಗೆಂದು ವಜ್ರದ ಓಲೆ ಕೊಳ್ಳಲು ವಿಜಯಪುರದ ಪೇಟೆಗೆ ಹೊರಟರೆ, ಒಂದು ವರ್ಷದ ಬೆಳೆಯ ಹಣವೇ ಬಟಾಣಿ ಕಾಳಿಗಿಂತ ಚಿಕ್ಕದಾದ ಕಲ್ಲಿಗೆ ಸಂದುಹೋಗಬಹುದು. ಆದುದರಿಂದ ವಜ್ರದ ಗುಣವು ಯಾವುದರಲ್ಲಿ ಅಡಗಿದೆ, ಅದನ್ನು ಅಳೆಯುವುದು ಹೇಗೆ ಎಂಬುದನ್ನು ನಾವು ಅರಿತಿರುವುದು ಒಳ್ಳೆಯದು.

ಈ ಸೀಮೆಗೆ ವಜ್ರಪರೀಕ್ಷೆ ಹೊಸತಲ್ಲ. 17ನೆಯ ಶತಮಾನದಲ್ಲಿ ವಿಜಯಪುರದ ಆದಿಲಶಾಹಿ ಅರಸರ ಆಳಿಕೆಯಲ್ಲಿದ್ದ ರಾವಲಕೊಂಡವೆಂಬಲ್ಲಿ ವಜ್ರದ ಗಣಿಗಳಿದ್ದವು. ಇದು ಇಂದಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟವೆಂದು ವಿದ್ವಾಂಸರು ಗುರುತಿಸಿದ್ದಾರೆ. ತಾನು ಮೊದಲು ಕಂಡ ಗಣಿ ಇದೇ ಎಂದೂ, ಇದು ವಿಜಯಪುರದಿಂದ ಎಂಟು ಒಂಬತ್ತು ದಿನಗಳ ಹಾದಿಯೆಂದೂ ಫ್ರಾನ್ಸಿನ ರತ್ನವ್ಯಾಪಾರಿ ಟ್ಯಾವೆರ್ನಿಯೆ 1676ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. ಅಲ್ಲಿ ಹತ್ತರಿಂದ ಹದಿನಾರು ವರ್ಷದ ಹುಡುಗರು ತೂಕದ ಬಟ್ಟುಗಳ ಚೀಲವನ್ನು ಒಂದು ಬದಿಗೂ ಹೊನ್ನಿನ ಚೀಲವನ್ನು ಇನ್ನೊಂದು ಬದಿಗೂ ಕಟ್ಟಿಕೊಂಡು ಕುಳಿತು ವಜ್ರ ಕೊಳ್ಳುತ್ತಿದ್ದರಂತೆ. ಯಾರಾದರೂ ಹರಳು ತಂದರೆ ಅದು ಮೊದಲು ಹಿರಿಯ ಹುಡುಗನ ಕೈಗೆ, ಅಲ್ಲಿಂದ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ದಾಟಿ, ಯಾರೊಬ್ಬರೂ ತುಟಿ ಬಿಚ್ಚದೆಯೇ ಹಿರಿಯನಿಗೆ ಮರಳುತ್ತಿತ್ತು. ಬಳಿಕವೇ ಬೆಲೆಯ ಮಾತು. ವ್ಯಾಪಾರಿಗಳು ರಾತ್ರಿಯ ಹೊತ್ತು ಗೋಡೆಯ ಗೂಡಿನಲ್ಲಿ ದೀಪವಿಟ್ಟು ಹರಳನ್ನು ಬೆರಳುಗಳ ನಡುವೆ ಹಿಡಿದು ನೋಡುತ್ತಿದ್ದರು. ಅದರ ಬಣ್ಣದ ನಿಜವನ್ನು ತಿಳಿಯಲು ಎಲೆ ತುಂಬಿದ ಮರದ ಹಸಿರು ನೆರಳಿಗೆ ಒಯ್ಯುತ್ತಿದ್ದರು. ಒಂದೇ ಕಣ್ಣನ್ನು, ಒಂದೇ ಬೆಳಕನ್ನು ನಂಬಬಾರದೆಂಬುದು ಆ ಹುಡುಗರಿಗೂ ಗೊತ್ತಿತ್ತು.

ಇಂದಿನ ಪರೀಕ್ಷೆ ನಾಲ್ಕು ಗುಣಗಳನ್ನು ಆಧರಿಸಿದೆ: ತೂಕ, ಕಡೆತ, ಬಣ್ಣ, ನಿರ್ಮಲತೆ. ತೂಕವನ್ನು ಕ್ಯಾರೆಟ್ಟಿನಲ್ಲಿ ಹೇಳುತ್ತಾರೆ. ಒಂದು ಕ್ಯಾರೆಟ್ ಎಂದರೆ ಒಂದು ಗ್ರಾಮಿನ ಐದನೆಯ ಒಂದು ಭಾಗ. ಅದರ ನೂರನೆಯ ಒಂದು ಭಾಗವೇ ಸೆಂಟ್. 22 ಕ್ಯಾರೆಟ್ ಬಂಗಾರವೆನ್ನುವಾಗಿನ ಕ್ಯಾರೆಟ್ ಬೇರೆ. ಅದು ತೂಕವಲ್ಲ, 24 ಭಾಗಗಳಲ್ಲಿ 22 ಭಾಗ ಬಂಗಾರವಿದೆ ಎಂಬ ಶುದ್ಧತೆಯ ಲೆಕ್ಕ. ದೊಡ್ಡ ಹರಳುಗಳು ವಿರಳವಾದುದರಿಂದ ವಜ್ರದ ಬೆಲೆ ತೂಕಕ್ಕಿಂತ ವೇಗವಾಗಿ ಏರುತ್ತದೆ. ಬೆಲೆಯು ತೂಕದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಟ್ಯಾವೆರ್ನಿಯೆ ಕೊಟ್ಟ ಸೂತ್ರ. ಇಂದಿನ ಪೇಟೆ ಇದನ್ನು ಅಕ್ಷರಶಃ ಪಾಲಿಸದಿದ್ದರೂ ಲೆಕ್ಕದ ಒಲವು ಅದೇ. ನಮ್ಮ ಹೆಣ್ಣುಮಕ್ಕಳ ಏಳು ಹರಳಿನ ಓಲೆಯನ್ನೇ ತೆಗೆದುಕೊಳ್ಳೋಣ. ಒಂದು ಓಲೆಯ ಏಳು ಸಮ ಹರಳುಗಳು ಸೇರಿ ಒಂದು ಕ್ಯಾರೆಟ್ ತೂಗಿದರೆ, ಈ ಸೂತ್ರದಂತೆ ಪ್ರತಿ ಹರಳಿನ ಬೆಲೆ ಒಂದು ಕ್ಯಾರೆಟ್ಟಿನ ಒಂಟಿ ಹರಳಿನ ಬೆಲೆಯ ನಲವತ್ತೊಂಬತ್ತನೆಯ ಒಂದು ಭಾಗ. ಏಳೂ ಸೇರಿದರೆ ಏಳನೆಯ ಒಂದು ಭಾಗ ಮಾತ್ರ. ಆದುದರಿಂದ ಒಟ್ಟು ತೂಕವನ್ನಷ್ಟೇ ಹೇಳಿ ಒಂಟಿ ಹರಳಿನ ದರ ಕಟ್ಟಿದರೆ ಕೊಳ್ಳುವವನಿಗೆ ದೊಡ್ಡ ನಷ್ಟ.

ಎರಡನೆಯದು ಕಡೆತ, ಎಂದರೆ ಹರಳಿಗೆ ಮುಖಗಳನ್ನು ಕೊರೆದು ಉಜ್ಜಿರುವ ರೀತಿ. ಉಳಿದ ಮೂರು ಗುಣಗಳು ಪ್ರಕೃತಿಯ ಕೊಡುಗೆ. ಇದೊಂದು ಮನುಷ್ಯನ ಕೈಚಳಕ. ವಜ್ರದ ವಕ್ರೀಭವನಾಂಕ 2.42. ಆದುದರಿಂದ ಹರಳಿನೊಳಗಿನ ಕಿರಣವು ಯಾವುದಾದರೊಂದು ಮುಖದ ಲಂಬಕ್ಕೆ ಸುಮಾರು ಇಪ್ಪತ್ತನಾಲ್ಕೂವರೆ ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದು. ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಸಾಮಾನ್ಯ ಗಾಜಿನಲ್ಲಿ ಈ ಮಿತಿ ಸುಮಾರು 42 ಡಿಗ್ರಿ. ಸರಿಯಾಗಿ ಕಡೆದ ವಜ್ರದಲ್ಲಿ ಮೇಲಿನಿಂದ ಹೊಕ್ಕ ಬೆಳಕು ಕೆಳಗಿನ ಎರಡು ಮುಖಗಳಿಗೆ ಬಡಿದು ಮೇಲಕ್ಕೇ ಮರಳಿ ನಮ್ಮ ಕಣ್ಣನ್ನು ಸೇರುತ್ತದೆ; ಹೋಗುವಾಗ ಏಳು ಬಣ್ಣಗಳಾಗಿ ಒಡೆಯುತ್ತದೆ. ಕೆಳಭಾಗ ತೀರ ಚಪ್ಪಟೆಯಾದರೆ ಬೆಳಕು ಮೊದಲನೆಯ ಮುಖದಲ್ಲಿಯೂ, ತೀರ ಆಳವಾದರೆ ಎರಡನೆಯ ಮುಖದಲ್ಲಿಯೂ ಸೋರಿಹೋಗಿ ಹರಳು ಮಂಕಾಗುತ್ತದೆ. 1919ರಲ್ಲಿ ಮಾರ್ಸೆಲ್ ಟೋಲ್ಕೋವ್ಸ್ಕಿ ಗಣಿತದಿಂದ ಲೆಕ್ಕ ಹಾಕಿ, ಕೆಳಮುಖಗಳ ಓರೆ 40.75 ಡಿಗ್ರಿ, ಮೇಲ್ಮುಖಗಳ ಓರೆ 34.5 ಡಿಗ್ರಿ ಇರಬೇಕೆಂದು ತೋರಿಸಿದನು. ಆದರೆ ಹೀಗೆ ಕಡೆದರೆ ಕಲ್ಲು ಹೆಚ್ಚು ಸವೆಯುತ್ತದೆ. ತೂಕವನ್ನು ಉಳಿಸಿಕೊಳ್ಳಲು ಕೆಲವರು ಹೊಟ್ಟೆಯನ್ನು ದಪ್ಪವಾಗಿ ಬಿಡುವುದುಂಟು. ಅಂತಹ ಹರಳನ್ನು ಕೊಂಡವನು ಬೆಳಗದ ತೂಕಕ್ಕೆ ಬೆಲೆ ತೆತ್ತಂತಾಗುತ್ತದೆ.

ಇನ್ನು ಬಣ್ಣ. ಇಂಗಾಲದ ಪರಮಾಣುಗಳ ನಡುವೆ ಸಾರಜನಕದ ಪರಮಾಣುಗಳು ಸೇರಿಕೊಂಡರೆ ಅವು ನೀಲಿ ಬೆಳಕನ್ನು ಹೀರಿ ಹರಳಿಗೆ ಹಳದಿ ಛಾಯೆ ಕೊಡುತ್ತವೆ. ಬಣ್ಣವೇ ಇಲ್ಲದ ಹರಳಿಗೆ ‘ಡಿ’ ಎಂದೂ, ಹಳದಿ ಹೆಚ್ಚಿದಂತೆಲ್ಲ ಮುಂದಿನ ಅಕ್ಷರಗಳಾಗಿ ‘ಝಡ್’ವರೆಗೂ ದರ್ಜೆಗಳಿವೆ. ಅಂಗಡಿಯ ಪ್ರಖರವಾದ ದೀಪಗಳ ಕೆಳಗೆ ಈ ಛಾಯೆ ಕಾಣುವುದಿಲ್ಲ. ಬಿಳಿ ಕಾಗದದ ಮೇಲೆ ಹರಳನ್ನು ಬೋರಲಾಗಿಟ್ಟು, ನೇರ ಬಿಸಿಲಿಲ್ಲದ ಹಗಲು ಬೆಳಕಿನಲ್ಲಿ ಪಕ್ಕದಿಂದ ನೋಡಬೇಕು. ಹಳದಿ ಬಂಗಾರದಲ್ಲಿ ಕೂರಿಸುವ ಹರಳಿಗೆ ಅತ್ಯುಚ್ಚ ದರ್ಜೆಯ ಬೆಲೆ ತೆರುವುದರಿಂದ ಲಾಭ ಅಲ್ಪವೇ. ಲೋಹದ ಬಣ್ಣವೇ ಹರಳಿನಲ್ಲಿ ಪ್ರತಿಬಿಂಬಿಸುತ್ತದೆ.

ನಿರ್ಮಲತೆಯನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಿಂದ ಪರೀಕ್ಷಿಸುತ್ತಾರೆ. ಒಳಗಿನ ಚಿಕ್ಕ ಚುಕ್ಕೆ ಬರಿಗಣ್ಣಿಗೆ ಕಾಣದಿದ್ದರೆ ಅಂದಕ್ಕೆ ಕುಂದಿಲ್ಲ. ಆದರೆ ಅಂಚಿಗೆ ತಲಪಿದ ಬಿರುಕು ಅಪಾಯಕರ. ಕೆಲವು ಬಿರುಕುಗಳಿಗೆ ಗಾಜಿನಂತಹ ವಸ್ತುವನ್ನು ತುಂಬಿ ಮರೆಮಾಡಿರುವುದೂ ಉಂಟು. ಮುಂದೆ ಅಕ್ಕಸಾಲಿಗನು ಒಡವೆಯನ್ನು ಬೆಸೆಯುವಾಗ ಬೆಂಕಿಯ ಕಾವಿಗೆ ಅದು ಕೆಟ್ಟು ಬಿರುಕು ಬಯಲಾಗಬಹುದು.

ಈ ನಾಲ್ಕು ಗುಣಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಇದು ವಜ್ರವೇ? ಇದಕ್ಕೆ ಹಳೆಯ ನಂಬಿಕೆಗಳು ಉತ್ತರವಾಗಲಾರವು. ಉತ್ತಮ ವಜ್ರ ನೀರಿನ ಮೇಲೆ ತೇಲುತ್ತದೆ ಎಂದು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿದೆ. ಆದರೆ ವಜ್ರವು ನೀರಿಗಿಂತ ಮೂರೂವರೆ ಪಟ್ಟು ಸಾಂದ್ರವಾದುದರಿಂದ ಮುಳುಗಿಯೇ ತೀರುತ್ತದೆ. ಸುತ್ತಿಗೆಯ ಏಟಿಗೆ ವಜ್ರ ಒಡೆಯದೆಂಬುದೂ ತಪ್ಪು. ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ವಜ್ರವು ತನ್ನ ಸೀಳುತಲಗಳುದ್ದಕ್ಕೂ ಸುಲಭವಾಗಿ ಸೀಳುತ್ತದೆ. ನಂಬಬಹುದಾದ ಗುಣವೆಂದರೆ ಉಷ್ಣವಾಹಕತೆ. ವಜ್ರವು ತಾಮ್ರಕ್ಕಿಂತಲೂ ಅನೇಕ ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ವ್ಯಾಪಾರಿಗಳ ಚಿಕ್ಕ ಪರೀಕ್ಷಾಯಂತ್ರ ಇದನ್ನೇ ಅಳೆಯುತ್ತದೆ. ಗಾಜು ಮತ್ತು ಜಿರ್ಕೋನಿಯಾ ಹರಳುಗಳು ಅದರಲ್ಲಿ ಸಿಕ್ಕಿಬೀಳುತ್ತವೆ. ಮೋಯ್ಸನೈಟ್ ಎಂಬ ಹರಳು ಮಾತ್ರ ಶಾಖವನ್ನು ಚೆನ್ನಾಗಿ ಸಾಗಿಸುವುದರಿಂದ ಆ ಯಂತ್ರವನ್ನು ವಂಚಿಸಬಲ್ಲುದು. ಆದರೆ ಭೂತಗನ್ನಡಿಯಿಂದ ಓರೆಯಾಗಿ ನೋಡಿದರೆ ಅದರ ಹಿಂಬದಿಯ ಅಂಚುಗಳು ಎರಡೆರಡಾಗಿ ಕಾಣುತ್ತವೆ.

ಇನ್ನೂ ಖಚಿತವಾದ ಪರೀಕ್ಷೆಗೆ ಕನ್ನಡನಾಡಿನ ನಂಟಿದೆ. 1928ರಲ್ಲಿ ಸಿ. ವಿ. ರಾಮನ್ ಕಂಡುಹಿಡಿದ ಪರಿಣಾಮದಂತೆ, ಏಕವರ್ಣದ ಬೆಳಕು ವಸ್ತುವಿನಿಂದ ಚದುರುವಾಗ ಆ ವಸ್ತುವಿಗೇ ವಿಶಿಷ್ಟವಾದ ಹೊಸ ರೇಖೆಗಳು ಹುಟ್ಟುತ್ತವೆ. ವಜ್ರದ ರೇಖೆಯ ಅಂತರ ಸೆಂಟಿಮೀಟರಿಗೆ 1332 ಅಲೆಗಳು. ಗಾಜಿಗಾಗಲಿ ಜಿರ್ಕೋನಿಯಾಕ್ಕಾಗಲಿ ಈ ಗುರುತಿಲ್ಲ. ರಾಮನ್ ಅವರು ಬೆಂಗಳೂರಿನಲ್ಲಿ ನೂರಾರು ವಜ್ರಗಳನ್ನು ಸಂಗ್ರಹಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದರು.

ಆದರೆ ಈ ರೇಖೆಯೂ ಒಂದು ಭೇದವನ್ನು ಹೇಳಲಾರದು. 1950ರ ದಶಕದಿಂದ ಮನುಷ್ಯನೇ ವಜ್ರವನ್ನು ಬೆಳೆಸುತ್ತಿದ್ದಾನೆ. ಅದು ನಕಲಿಯಲ್ಲ, ಅದೇ ಇಂಗಾಲ, ಅದೇ ರಚನೆ, ಅದೇ ಕಾಠಿಣ್ಯ. ಆದರೆ ಬೇಕಾದಷ್ಟು ತಯಾರಿಸಬಹುದಾದುದರಿಂದ ಬೆಲೆ ಬಹಳ ಕಡಿಮೆ. ಭೂಗರ್ಭದಲ್ಲಿ ಕೋಟ್ಯಂತರ ವರ್ಷ ಕಾವಿನಲ್ಲಿದ್ದ ಹರಳಿನಲ್ಲಿ ಸಾರಜನಕದ ಪರಮಾಣುಗಳು ಮೆಲ್ಲನೆ ಸರಿದು ಗುಂಪುಗೂಡಿರುತ್ತವೆ; ಕೆಲವು ವಾರಗಳಲ್ಲಿ ಬೆಳೆದ ಹರಳಿಗೆ ಆ ಅವಕಾಶವಿಲ್ಲ. ಇಂತಹ ಕುರುಹುಗಳನ್ನು ಪ್ರಯೋಗಾಲಯವೇ ಪತ್ತೆಹಚ್ಚಬೇಕು. ಅತ್ಯಂತ ಅನುಭವಿಯ ಬರಿಗಣ್ಣಿಗೂ ಅದು ಅಸಾಧ್ಯ.

ಆದುದರಿಂದ ಕೊಳ್ಳುವವನು ಸ್ವತಂತ್ರ ಪ್ರಯೋಗಾಲಯದ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಹರಳು ನೈಸರ್ಗಿಕವೋ ಬೆಳೆಸಿದ್ದೋ, ನಾಲ್ಕು ಗುಣಗಳ ದರ್ಜೆಯೇನು, ಬಿರುಕು ತುಂಬಿದೆಯೇ ಎಂಬುದು ಅದರಲ್ಲಿರಬೇಕು. ಪತ್ರದ ತೂಕವೂ ಅಳತೆಯೂ ಕೈಯಲ್ಲಿರುವ ಹರಳಿಗೆ ಹೊಂದಬೇಕು. ಒಡವೆಯ ಮೇಲಿನ ಹಾಲ್‌ಮಾರ್ಕ್ ಮುದ್ರೆ ಬಂಗಾರದ ಶುದ್ಧತೆಗೆ ಸಾಕ್ಷಿಯೇ ಹೊರತು ವಜ್ರಕ್ಕಲ್ಲ. ರಸೀದಿಯಲ್ಲಿ ಬಂಗಾರದ ತೂಕ, ಹರಳುಗಳ ಸಂಖ್ಯೆ ಮತ್ತು ತೂಕ ಬೇರೆ ಬೇರೆಯಾಗಿರಬೇಕು. ಮರಳಿ ಮಾರಿದರೆ ಎಷ್ಟು ಕೊಡುವರೆಂಬುದನ್ನೂ ಬರೆಸಿಕೊಳ್ಳುವುದು ಲೇಸು. ಹೊಳಪು ಕಣ್ಣನ್ನು ಮರುಳುಗೊಳಿಸುತ್ತದೆ. ಅಳತೆಯು ಹಾಗೆ ಮಾಡದು. ಹರಳನ್ನು ಮಾರುವವನಲ್ಲದೆ ಬೇರೊಬ್ಬನು ಅದನ್ನು ಅಳೆದಿರಬೇಕು, ಅಷ್ಟೆ.