ದೂರದ ಊರಿಗೆ ಬಿಡಾರ: ಹೊರಡುವ ಮುನ್ನ ಮನೆಯೊಡತಿ ತಿಳಿದಿರಬೇಕಾದುದು

ಗಂಡನಿಗೆ ವರ್ಗಾವಣೆಯ ಆದೇಶ ಬಂದಿದೆ. ಇನ್ನೊಂದು ತಿಂಗಳಲ್ಲಿ ದೆಹಲಿಗೆ ಹೋಗಿ ಕೆಲಸಕ್ಕೆ ಹಾಜರಾಗಬೇಕು. ಸುದ್ದಿ ಕೇಳಿದ ನೆರೆಹೊರೆಯವರು 'ಅದೃಷ್ಟವಂತೆ, ರಾಜಧಾನಿ ನೋಡುತ್ತೀಯಲ್ಲ' ಎಂದು ಹೇಳಿ ಹೋಗುತ್ತಾರೆ. ಆದರೆ ಆ ರಾತ್ರಿ ಮನೆಯೊಡತಿಗೆ ನಿದ್ದೆ ಬರುವುದಿಲ್ಲ. ಮಕ್ಕಳ ಶಾಲೆ, ಮುದಿ ಅತ್ತೆಯ ಔಷಧಿ, ಅರ್ಧ ಉಳಿದಿರುವ ಗ್ಯಾಸ್ ಸಿಲಿಂಡರ್, ಅಟ್ಟದ ಮೇಲಿನ ದೊಡ್ಡ ಪಾತ್ರೆಗಳು, ಎಲ್ಲವೂ ಒಂದೊಂದಾಗಿ ಕಣ್ಣ ಮುಂದೆ ಬರುತ್ತವೆ.

ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಿಗೆ ದೂರದೂರು ಹೊಸದಲ್ಲ. ಆದರೆ ಬಹುಕಾಲ ದೂರ ಹೋಗುತ್ತಿದ್ದವರು ಗಂಡಸರು. ಅವರು ಮುಂಬಯಿಗೋ ಗಲ್ಫ್‌ಗೋ ಹೋಗಿ ದುಡಿಯುತ್ತಿದ್ದರು, ಹೆಂಗಸರು ಊರಿನಲ್ಲೇ ಮನೆ ನಡೆಸುತ್ತಿದ್ದರು. ಇಂದು ಕೇಂದ್ರ ಸರಕಾರದ ನೌಕರಿ, ಬ್ಯಾಂಕು, ಖಾಸಗಿ ಕಂಪೆನಿ ಎಂದು ಸಂಸಾರ ಸಮೇತ ಹೋಗುವವರು ಹೆಚ್ಚಾಗಿದ್ದಾರೆ. ಗಂಡನಿಗೆ ಹೊಸ ಊರಿನಲ್ಲಿ ಮೊದಲ ದಿನದಿಂದಲೇ ಕಚೇರಿ ಮತ್ತು ಸಹೋದ್ಯೋಗಿಗಳು ಇರುತ್ತಾರೆ. ಹೆಂಡತಿಗೆ ನಾಲ್ಕು ಗೋಡೆಗಳಷ್ಟೇ ಇರುತ್ತವೆ. ಆದ್ದರಿಂದ ಸಿದ್ಧತೆಯಲ್ಲಿ ಆಕೆಯ ಮಾತಿಗೂ ಪಾಲಿರಬೇಕು. ಮಂಗಳೂರಿನಿಂದ ದೆಹಲಿಗೆ ಹೊರಟಿರುವ ಒಂದು ಸಂಸಾರವನ್ನು ಉದಾಹರಣೆಯಾಗಿಟ್ಟುಕೊಂಡು ಈ ಸಿದ್ಧತೆಯನ್ನು ನೋಡೋಣ.

ಮೊದಲು ಕುಳಿತು ಮಾತನಾಡಿ

ಟ್ರಕ್ಕಿನವನಿಗೆ ಫೋನ್ ಮಾಡುವ ಮೊದಲು ಗಂಡ-ಹೆಂಡತಿ ಒಂದು ಸಂಜೆ ಕುಳಿತು ಮಾತನಾಡುವುದು ಒಳ್ಳೆಯದು. ಎಷ್ಟು ವರ್ಷದ ಮಟ್ಟಿಗೆ ಹೋಗುತ್ತಿದ್ದೇವೆ? ಎಲ್ಲರೂ ಒಟ್ಟಿಗೆ ಹೋಗುವುದೋ, ಗಂಡ ಮೊದಲು ಹೋಗಿ ಮನೆ ಹುಡುಕುವುದೋ? ಹೆಂಡತಿಗೆ ಇಲ್ಲಿ ಕೆಲಸವಿದ್ದರೆ ಅದರ ಗತಿಯೇನು? ವಯಸ್ಸಾದ ತಂದೆ ತಾಯಿ ಯಾರ ಬಳಿ ಇರುತ್ತಾರೆ? ಈ ಪ್ರಶ್ನೆಗಳನ್ನು ಈಗ ನುಂಗಿಕೊಂಡರೆ ಆರು ತಿಂಗಳ ನಂತರ ಅವೇ ಜಗಳವಾಗಿ ಹೊರಬರುತ್ತವೆ. ಮಕ್ಕಳು ಹತ್ತು ದಾಟಿದವರಾದರೆ ಅವರನ್ನೂ ಕೂರಿಸಿಕೊಳ್ಳಿ. ತೀರ್ಮಾನ ದೊಡ್ಡವರದೇ ಆದರೂ ತಮ್ಮನ್ನು ಕೇಳಿದರು ಎಂಬ ಸಮಾಧಾನ ಮಗುವಿಗೂ ಬೇಕು.

ಮಕ್ಕಳ ಓದು: ಅತಿ ದೊಡ್ಡ ಲೆಕ್ಕಾಚಾರ

ನಮ್ಮ ರಾಜ್ಯದ ಶಾಲೆಗಳು ಮೇ ಕೊನೆ ಅಥವಾ ಜೂನ್‌ನಲ್ಲಿ ಆರಂಭವಾಗುತ್ತವೆ. ದೆಹಲಿಯಲ್ಲಿ ಹೊಸ ವರ್ಷ ಏಪ್ರಿಲ್‌ನಲ್ಲೇ ಶುರು. ಮೇ ಮಧ್ಯದಿಂದ ಜೂನ್ ಕೊನೆಯವರೆಗೆ ಅಲ್ಲಿ ಬೇಸಿಗೆ ರಜೆ. 'ಜೂನ್‌ನಲ್ಲಿ ಹೋಗಿ ಸೇರಿಸೋಣ' ಎಂದುಕೊಂಡವರಿಗೆ ಅಲ್ಲಿ ಆಗಲೇ ಒಂದೂವರೆ ತಿಂಗಳ ಪಾಠ ಮುಗಿದಿರುವುದು ತಿಳಿಯುತ್ತದೆ. ಸಾಧ್ಯವಿದ್ದರೆ ಪರೀಕ್ಷೆ ಮುಗಿದ ಕೂಡಲೇ, ಅಂದರೆ ಮಾರ್ಚ್ ಕೊನೆಗೆ ಹೊರಡುವುದು ಲೇಸು. ಹತ್ತನೇ ಅಥವಾ ಹನ್ನೆರಡನೇ ತರಗತಿಯ ಮಗುವಿದ್ದರೆ ನಡುವೆ ಬದಲಾಯಿಸಲು ಹೋಗಬೇಡಿ. ಸಿ.ಬಿ.ಎಸ್.ಇ.ಯಲ್ಲಿ ಒಂಬತ್ತು ಮತ್ತು ಹನ್ನೊಂದರಲ್ಲೇ ಹೆಸರು ನೋಂದಣಿಯಾಗುವುದರಿಂದ ಹತ್ತಕ್ಕೆ ಅಥವಾ ಹನ್ನೆರಡಕ್ಕೆ ನೇರವಾಗಿ ಸೇರುವುದು ಕಷ್ಟ. ಅಂತಹ ವರ್ಷದಲ್ಲಿ ತಾಯಿ-ಮಕ್ಕಳು ಊರಿನಲ್ಲೇ ಉಳಿದು ಪರೀಕ್ಷೆ ಮುಗಿಸುವುದು ಜಾಣತನ.

ವರ್ಗಾವಣೆ ಪತ್ರ, ಅಂದರೆ ಟಿ.ಸಿ., ಪಡೆಯುವಾಗ ಮಗುವಿನ ಹೆಸರು, ಜನ್ಮದಿನಾಂಕ ಮತ್ತು ತಂದೆ ತಾಯಿಯ ಹೆಸರು ಜನನ ಪ್ರಮಾಣ ಪತ್ರ ಹಾಗೂ ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರ ನೋಡಿ. 'ಮುಹಮ್ಮದ್' ಒಂದು ಕಡೆ, 'ಮಹಮ್ಮದ್' ಇನ್ನೊಂದು ಕಡೆ, 'ಫಾತಿಮಾ' ಮತ್ತು 'ಫಾತಿಮತ್', ಈ ವ್ಯತ್ಯಾಸಗಳು ನಮ್ಮ ಮನೆಗಳಲ್ಲಿ ಬಹಳ. ಊರಿನ ಶಾಲೆಯಲ್ಲಿ ಇದನ್ನು ತಿದ್ದಿಸುವುದು ಒಂದು ದಿನದ ಕೆಲಸ, ಎರಡು ಸಾವಿರ ಕಿಲೋಮೀಟರ್ ದೂರದಿಂದ ತಿದ್ದಿಸುವುದು ವರ್ಷದ ಕೆಲಸ. ಬೇರೆ ರಾಜ್ಯಕ್ಕೆ ಹೋಗುವಾಗ ಟಿ.ಸಿ.ಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವುದುಂಟು, ಅದನ್ನೂ ಹಾಕಿಸಿಕೊಳ್ಳಿ. ಇನ್ನೊಂದು ಮಾತು ನೆನಪಿರಲಿ: 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೇ ತರಗತಿಯವರೆಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಸರಕಾರಿ ಮತ್ತು ಅನುದಾನಿತ ಶಾಲೆಗಳು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ.

ಹೆಚ್ಚಿನ ತಂದೆ ತಾಯಂದಿರಿಗೆ ಹೊಳೆಯದ ಸಂಗತಿಯೊಂದಿದೆ. ಮುಂದೆ ಮಗ ಅಥವಾ ಮಗಳು ಕರ್ನಾಟಕದ ಸಿ.ಇ.ಟಿ. ಮೂಲಕ ಸರಕಾರಿ ಸೀಟು ಬಯಸಿದರೆ, ಒಂದನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಹತ್ತನೇ ತರಗತಿ ಅಥವಾ ಹನ್ನೆರಡನೇ ತರಗತಿಯನ್ನು ಇಲ್ಲಿಂದಲೇ ಪಾಸಾಗಿರಬೇಕು ಎಂಬುದು ಸಾಮಾನ್ಯ ನಿಯಮ. ಕೆಲವು ವರ್ಗದವರಿಗೆ ಬೇರೆ ಅವಕಾಶಗಳೂ ಇವೆ. ಆರನೇ ತರಗತಿ ಮುಗಿಸಿದ ಮಗುವನ್ನು ಕರೆದೊಯ್ಯುವುದಕ್ಕೂ ಏಳನೇ ತರಗತಿ ಮುಗಿಸಿದ ಮೇಲೆ ಕರೆದೊಯ್ಯುವುದಕ್ಕೂ ಇರುವ ವ್ಯತ್ಯಾಸ ಇದರಿಂದ ಅರ್ಥವಾದೀತು. ಮಗು ಇಲ್ಲಿ ಎಷ್ಟೇ ವರ್ಷ ಓದಿರಲಿ, ಅಷ್ಟೂ ವರ್ಷಗಳ ವ್ಯಾಸಂಗ ಪ್ರಮಾಣ ಪತ್ರವನ್ನು ಶಿಕ್ಷಣಾಧಿಕಾರಿಯ ಸಹಿಯೊಂದಿಗೆ ಹೊರಡುವ ಮುನ್ನವೇ ಪಡೆದಿಟ್ಟುಕೊಳ್ಳಿ.

ಕಾಗದ ಪತ್ರಗಳ ಚೀಲ

ಗಟ್ಟಿಯಾದ ಒಂದು ಕೈಚೀಲವನ್ನು ಕಾಗದ ಪತ್ರಗಳಿಗೆಂದೇ ಮೀಸಲಿಡಿ. ಆಧಾರ್, ಪಾನ್, ಜನನ ಪ್ರಮಾಣ ಪತ್ರಗಳು, ನಿಕಾಹ್‌ನ ಪ್ರಮಾಣ ಪತ್ರ, ಅಂಕಪಟ್ಟಿಗಳು, ಬ್ಯಾಂಕ್ ಪುಸ್ತಕಗಳು, ಮಕ್ಕಳ ಲಸಿಕೆ ಕಾರ್ಡು, ಗರ್ಭಿಣಿಯಾಗಿದ್ದರೆ ತಾಯಿ ಕಾರ್ಡು, ವೈದ್ಯರ ಚೀಟಿಗಳು, ಎಲ್ಲವೂ ಅದರಲ್ಲಿರಲಿ. ಆ ಚೀಲವೂ ಚಿನ್ನವೂ ಟ್ರಕ್ಕಿಗೆ ಹೋಗಬಾರದು. ಅವು ನಿಮ್ಮ ಜೊತೆಯಲ್ಲೇ ಬರಬೇಕು. ಮಹ್ರ್‌ನ ಚಿನ್ನ ನಿಮ್ಮ ಸೊತ್ತು. ಅದನ್ನು ಊರಿನ ಲಾಕರಿನಲ್ಲಿ ಇಡುವುದೋ ಜೊತೆಗೆ ಒಯ್ಯುವುದೋ ಎಂಬುದನ್ನು ನೀವೇ ತೀರ್ಮಾನಿಸಿ. ನಿಮ್ಮ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆಯೂ ಫೋನ್ ನಂಬರೂ ಇಲ್ಲದಿದ್ದರೆ ಹೊರಡುವ ಮೊದಲು ಮಾಡಿಸಿಕೊಳ್ಳಿ. ಗಂಡ ಕಚೇರಿ ಕೆಲಸಕ್ಕೆ ಬೇರೆ ಊರಿಗೆ ಹೋದ ದಿನ ಅಪರಿಚಿತ ನಗರದಲ್ಲಿ ಕೈಬರಿದಾಗಿ ಕೂರುವ ಸ್ಥಿತಿ ಬರಬಾರದು.

* ಗ್ಯಾಸ್: ಸಿಲಿಂಡರನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಮರಳಿಸಿ ಟರ್ಮಿನೇಷನ್ ವೋಚರ್ ಪಡೆಯಿರಿ. ಹೊಸ ಊರಿನಲ್ಲಿ ಅದನ್ನು ತೋರಿಸಿದರೆ ಸಂಪರ್ಕ ಸಿಗುತ್ತದೆ. ಸ್ಟೌ ನಿಮ್ಮದೇ. ರೈಲಿನಲ್ಲಿ ಸಿಲಿಂಡರ್ ಒಯ್ಯುವುದು ಅಪರಾಧ.
* ರೇಷನ್: 2019ರಲ್ಲಿ ಶುರುವಾಗಿ 2022ರ ಹೊತ್ತಿಗೆ ದೇಶವಿಡೀ ಜಾರಿಯಾದ 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಆಹಾರ ಭದ್ರತಾ ಕಾಯಿದೆಯ ಕಾರ್ಡುದಾರರು ಬೆರಳಚ್ಚು ಕೊಟ್ಟು ಬೇರೆ ರಾಜ್ಯದಲ್ಲೂ ಧಾನ್ಯ ಪಡೆಯಬಹುದು. ಆದ್ದರಿಂದ ಕಾರ್ಡನ್ನು ಅವಸರದಲ್ಲಿ ರದ್ದು ಮಾಡಿಸಬೇಡಿ.
* ಮತದಾರರ ಪಟ್ಟಿ: ಹೊಸ ವಿಳಾಸಕ್ಕೆ ಹೆಸರು ಬದಲಾಯಿಸಲು ನಮೂನೆ 8 ಸಲ್ಲಿಸಬೇಕು. 'ಮತ್ತೆ ಮಾಡೋಣ' ಎಂದು ಮುಂದೂಡುತ್ತಾ ಹೋದರೆ ಎರಡೂ ಊರಿನಲ್ಲಿ ಮತವಿಲ್ಲದಂತಾದೀತು.
* ವಾಹನ: ಸ್ಕೂಟರ್ ಅಥವಾ ಕಾರು ಒಯ್ಯುವುದಾದರೆ ಇಲ್ಲಿನ ಆರ್.ಟಿ.ಒ.ದಿಂದ ನಿರಾಕ್ಷೇಪಣಾ ಪತ್ರ ಬೇಕು. 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಆಗಬೇಕು. ಹಳೆಯ ವಾಹನಗಳ ಮೇಲೆ ದೆಹಲಿಯಲ್ಲಿ ನಿರ್ಬಂಧಗಳಿವೆ. ಹತ್ತು ವರ್ಷ ದಾಟಿದ ಡೀಸೆಲ್ ಕಾರನ್ನು ಒಯ್ಯುವ ಮುನ್ನ ಆ ಹೊತ್ತಿನ ನಿಯಮ ವಿಚಾರಿಸಿ.

ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು?

ಮನೆಯಲ್ಲಿರುವುದನ್ನೆಲ್ಲ ಒಯ್ಯುವ ಆಸೆ ಸಹಜ. ಆದರೆ ಹಳೆಯ ಮರದ ಕಪಾಟು ಹೋಗಿ ತಲುಪುವ ಸಾಗಾಟ ವೆಚ್ಚದಲ್ಲಿ ಅಲ್ಲಿ ಇನ್ನೊಂದನ್ನು ಕೊಳ್ಳಬಹುದು. ಕಳೆದ ಎರಡು ವರ್ಷ ಬಳಸದ ವಸ್ತುವನ್ನು ಬಂಧುಗಳಿಗೋ ಬಡವರಿಗೋ ಕೊಟ್ಟುಬಿಡಿ. ಅರೆಯುವ ಗ್ರೈಂಡರ್, ಇಡ್ಲಿ ಪಾತ್ರೆ, ಪತ್ತಿರಿ ಒತ್ತುವ ಮಣೆ ಇವನ್ನು ಮಾತ್ರ ಬಿಡಬೇಡಿ. ಅಲ್ಲಿ ಹುಡುಕಿ ಸಾಕಾಗುತ್ತದೆ.

ಸಾಗಾಟದವರಲ್ಲಿ ಮೂವರಿಂದ ದರ ಕೇಳಿ. ಬಹಳ ಕಡಿಮೆ ದರ ಹೇಳಿದವರ ಬಗ್ಗೆ ಎಚ್ಚರವಿರಲಿ. ಸಾಮಾನು ತುಂಬಿದ ಮೇಲೆ ಹೆಚ್ಚು ಹಣ ಕೇಳಿ ದಾರಿಯಲ್ಲೇ ಹಿಡಿದಿಡುವವರಿದ್ದಾರೆ. ಒಟ್ಟು ಮೊತ್ತ, ತಲುಪಿಸುವ ದಿನ ಮತ್ತು ವಿಮೆ ಬರಹದಲ್ಲಿರಲಿ. ಪ್ರತಿ ಪೆಟ್ಟಿಗೆಗೂ ನಂಬರು ಹಾಕಿ ಒಳಗೇನಿದೆ ಎಂದು ಪುಸ್ತಕದಲ್ಲಿ ಬರೆದಿಡಿ. ವಂಚನೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮೊದಲ ರಾತ್ರಿಗೆ ಬೇಕಾಗುವ ಹಾಸು, ಒಂದು ಪಾತ್ರೆ, ಚಹಾಪುಡಿ, ಸಕ್ಕರೆ, ಸಾಬೂನು, ಮುಸಲ್ಲಾ, ಮಕ್ಕಳ ಬಟ್ಟೆ ಇವನ್ನು ಕೈಯಲ್ಲೇ ಒಯ್ಯಿರಿ. ಟ್ರಕ್ಕು ಎರಡು ದಿನ ತಡವಾದರೂ ಪೇಚಾಡಬೇಕಿಲ್ಲ.

ಪ್ರಯಾಣಕ್ಕೆ ಮಂಗಳೂರು ಜಂಕ್ಷನ್, ಉಡುಪಿ ಹಾದು ಕೊಂಕಣ ದಾರಿಯಲ್ಲಿ ನಿಝಾಮುದ್ದೀನ್‌ಗೆ ಹೋಗುವ ಮಂಗಳಾ ಎಕ್ಸ್‌ಪ್ರೆಸ್ ಇದೆ. ರೈಲಿನಲ್ಲೇ ಎರಡು ರಾತ್ರಿ ಕಳೆಯಬೇಕು. 2024ರ ನವೆಂಬರ್‌ನಿಂದ ಮುಂಗಡ ಟಿಕೆಟು 60 ದಿನ ಮೊದಲು ಮಾತ್ರ ಸಿಗುತ್ತದೆ. ಸ್ಲೀಪರ್ ಮತ್ತು ಎ.ಸಿ. ಮೂರನೇ ದರ್ಜೆಯಲ್ಲಿ ತಲಾ 40 ಕಿಲೋ ಸಾಮಾನು ಉಚಿತ. ಮಳೆಗಾಲದಲ್ಲಿ ಕೊಂಕಣ ದಾರಿಯ ರೈಲುಗಳ ವೇಳೆ ಬದಲಾಗುತ್ತದೆ ಎಂಬುದು ನೆನಪಿರಲಿ.

ಮನೆ ಹುಡುಕುವಾಗ

ಗಂಡ ಒಂದು ತಿಂಗಳು ಮೊದಲು ಹೋಗಿ ಮನೆ ನೋಡುವುದು ಉತ್ತಮ. ಆದರೆ ಕೊನೆಯ ಮಾತು ಕೊಡುವ ಮೊದಲು ಫೋನಿನ ವಿಡಿಯೋದಲ್ಲಿ ಹೆಂಡತಿಗೂ ಮನೆ ತೋರಿಸಲಿ. ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ? ಅಡುಗೆ ಮನೆಗೆ ಗಾಳಿ ಬೆಳಕಿದೆಯೇ? ವಿದ್ಯುತ್ತಿಗೆ ಯೂನಿಟ್‌ಗೆ ಎಷ್ಟು ವಸೂಲು ಮಾಡುತ್ತಾರೆ? ಇವನ್ನು ಮನೆಯಲ್ಲಿ ಹಗಲಿಡೀ ಇರುವವಳು ಕೇಳಬೇಕು. ಒಂದು ವರ್ಷಕ್ಕೆ ಮೇಲ್ಪಟ್ಟ ಬಾಡಿಗೆ ಕರಾರನ್ನು ಕಾನೂನಿನಂತೆ ನೋಂದಾಯಿಸಲೇಬೇಕಾದ್ದರಿಂದ ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಬಾಡಿಗೆದಾರರ ಪೊಲೀಸ್ ಪರಿಶೀಲನೆಯೂ ದೆಹಲಿಯಲ್ಲಿ ಇದೆ. ಅದು ಎಲ್ಲರಿಗೂ ಇರುವುದರಿಂದ ಗಾಬರಿಯಾಗಬೇಕಿಲ್ಲ.

ಒಂದು ಕಹಿ ಮಾತನ್ನೂ ಹೇಳಬೇಕು. ಹೆಸರು ಕೇಳಿದ ಕೂಡಲೇ 'ಮನೆ ಖಾಲಿಯಿಲ್ಲ' ಎನ್ನುವ ಮಾಲಕರು ದೊಡ್ಡ ನಗರಗಳಲ್ಲಿ ಇದ್ದಾರೆ. ಮಾಂಸ ಬೇಯಿಸಬಾರದು ಎಂಬ ಷರತ್ತೂ ಇರುತ್ತದೆ. ದಲ್ಲಾಳಿಗೆ ಫೋನಿನಲ್ಲೇ ಹೆಸರು ಹೇಳಿ ಸ್ಪಷ್ಟವಾಗಿ ಕೇಳಿದರೆ ಅಲೆದಾಟವೂ ಅವಮಾನವೂ ಕಡಿಮೆ. ಇದರಿಂದಾಗಿಯೇ ಅನೇಕರು ಓಖ್ಲಾದ ಜಾಮಿಯಾ ನಗರ, ಝಾಕಿರ್ ನಗರ, ಅಬುಲ್ ಫಝಲ್ ಎನ್‌ಕ್ಲೇವ್‌ನಂಥ ಕಡೆ ನೆಲೆಸುತ್ತಾರೆ. ಅಲ್ಲಿ ಮಸೀದಿ, ಹಲಾಲ್ ಅಂಗಡಿ, ಮಕ್ಕಳ ಖುರ್‌ಆನ್ ಪಾಠ ಎಲ್ಲವೂ ಹತ್ತಿರ. ಆದರೆ ಇಕ್ಕಟ್ಟೂ ಇದೆ. ಗಂಡನ ಕಚೇರಿಗೆ ಎಷ್ಟು ದೂರ, ಮಗುವಿನ ಶಾಲೆಗೆ ಎಷ್ಟು ದೂರ ಎಂಬುದನ್ನು ಲೆಕ್ಕ ಹಾಕಿ ನಿರ್ಧರಿಸಿ. ಬೇರೆಡೆ ಒಳ್ಳೆಯ ನೆರೆಹೊರೆ ಸಿಕ್ಕಿದರೆ ಅಲ್ಲಿ ನೆಲೆಸಲೂ ಹಿಂಜರಿಯಬೇಡಿ.

ಹವೆ, ಅಡುಗೆ, ನಮಾಝ್‌ನ ವೇಳೆ

ಕರಾವಳಿಯವರಿಗೆ ಬೆವರು ಗೊತ್ತು, ಒಣಬಿಸಿಲು ಗೊತ್ತಿಲ್ಲ. ದೆಹಲಿಯಲ್ಲಿ ಮೇ-ಜೂನ್‌ನಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಸ್ವೆಟರ್, ರಜಾಯಿಗಳನ್ನು ಇಲ್ಲಿ ಹುಡುಕದೆ ಅಲ್ಲೇ ಕೊಳ್ಳಿ. ಅಲ್ಲಿ ಅಗ್ಗ, ದಪ್ಪವೂ ಹೌದು. ಅಕ್ಟೋಬರ್ ಕೊನೆಯಿಂದ ಗಾಳಿ ಕೆಡುತ್ತದೆ. ಉಬ್ಬಸವಿರುವ ಮಗು ಅಥವಾ ಹಿರಿಯರು ಜೊತೆಗಿದ್ದರೆ ಹೊರಡುವ ಮೊದಲೇ ವೈದ್ಯರನ್ನು ಕಂಡು ಔಷಧಿಯ ಚೀಟಿ ಬರೆಸಿಕೊಳ್ಳಿ.

ಕುಚ್ಚಲಕ್ಕಿ, ತೆಂಗಿನೆಣ್ಣೆ, ಮೀನು ಬೇಕೆನಿಸಿದರೆ ಐ.ಎನ್.ಎ. ಮಾರುಕಟ್ಟೆಯಲ್ಲಿ ಸಿಗುತ್ತದೆ. ಚಿತ್ತರಂಜನ್ ಪಾರ್ಕಿನಲ್ಲೂ ಮೀನಿನ ಮಾರುಕಟ್ಟೆಗಳಿವೆ. ಆದರೆ ದಿನವೂ ಊರಿನದೇ ಅಡುಗೆ ಎಂದು ಹಟ ಹಿಡಿದರೆ ಖರ್ಚು ಮೇಲೇರುತ್ತದೆ. ವಾರದಲ್ಲಿ ನಾಲ್ಕು ದಿನ ರೊಟ್ಟಿ-ದಾಲ್, ಶುಕ್ರವಾರ ಊರಿನ ಸಾರು ಎಂದಿಟ್ಟುಕೊಂಡರೆ ನಾಲಿಗೆಗೂ ಜೇಬಿಗೂ ಸಮಾಧಾನ.

ನಮಾಝ್‌ನ ವೇಳೆಯೂ ಬೇರೆ. ಜೂನ್‌ನಲ್ಲಿ ದೆಹಲಿಯ ಹಗಲು ಸುಮಾರು 14 ಗಂಟೆ, ಮಂಗಳೂರಿನದಕ್ಕಿಂತ ಒಂದು ಗಂಟೆ ಹೆಚ್ಚು. ಚಳಿಗಾಲದಲ್ಲಿ ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ. ಕರಾವಳಿಯ ಹೆಚ್ಚಿನವರು ಶಾಫಿಈಗಳು, ಅಲ್ಲಿನ ಹೆಚ್ಚಿನವರು ಹನಫಿಗಳು. ಆದ್ದರಿಂದ ಅಸ್ರ್‌ನ ಬಾಂಗ್ ನಿಮ್ಮ ರೂಢಿಗಿಂತ ತಡವಾಗಿ ಕೇಳಿಸೀತು. ಈದ್‌ನ ಚಂದ್ರದರ್ಶನದಲ್ಲೂ ಕರಾವಳಿ ಹೆಚ್ಚಾಗಿ ಕೇರಳದ ಜೊತೆಗಿರುವುದರಿಂದ ಊರಿನಲ್ಲಿ ಹಬ್ಬ ಮುಗಿದ ದಿನ ನಿಮಗೆ ಉಪವಾಸವಿರಬಹುದು. ಮಕ್ಕಳಿಗೆ ಇದನ್ನು ಮೊದಲೇ ವಿವರಿಸಿದರೆ ಗೊಂದಲವಾಗದು.

ಮೊದಲ ಮೂರು ತಿಂಗಳು

ಸಾಮಾನು ಜೋಡಿಸುವ ಗಡಿಬಿಡಿ ಮುಗಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಗಂಡ ಕಚೇರಿಗೆ, ಮಕ್ಕಳು ಶಾಲೆಗೆ ಹೋದರೆ ಮನೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಊರಿನಲ್ಲಿ ಬೇಲಿಯಾಚೆಯಿಂದ ಕರೆಯುತ್ತಿದ್ದ ಪಕ್ಕದ ಮನೆಯವಳಿಲ್ಲ, ತವರಿಗೆ ಬಸ್ಸಿಲ್ಲ. ಈ ಮೌನವನ್ನು ದೌರ್ಬಲ್ಯವೆಂದು ಗಂಡಂದಿರು ಭಾವಿಸಬಾರದು. ವಾರಕ್ಕೊಂದು ದಿನವಾದರೂ ಆಕೆಯನ್ನು ಹೊರಗೆ ಕರೆದೊಯ್ದು ದಾರಿ ತೋರಿಸಿಕೊಡಬೇಕು. ದೆಹಲಿ ಮೆಟ್ರೋದಲ್ಲಿ ಚಲಿಸುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೇ ಮೀಸಲು. ಎರಡು ಸಲ ಜೊತೆಯಲ್ಲಿ ಹೋದರೆ ಮೂರನೇ ಸಲ ಒಬ್ಬರೇ ಹೋಗಬಹುದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಈ ಎರಡು ನಂಬರುಗಳು ಬಾಯಿಪಾಠವಾಗಿರಲಿ.

ಮಾರುಕಟ್ಟೆಗೆ ಬೇಕಾದಷ್ಟು ಹಿಂದಿಯನ್ನು ಊರಿನಲ್ಲಿರುವಾಗಲೇ ಕಲಿಯಲು ತೊಡಗಿ. ಮಕ್ಕಳೊಡನೆ ಮಾತ್ರ ಮನೆಮಾತು ಮತ್ತು ಕನ್ನಡ ಬಿಡಬೇಡಿ. ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘವಿದೆ, ಲೋಧಿ ಎಸ್ಟೇಟಿನಲ್ಲಿ ಕನ್ನಡಿಗರು ಕಟ್ಟಿದ ಶಾಲೆಯಿದೆ. ಒಮ್ಮೆ ಹೋಗಿ ಬಂದರೆ ನಾಲ್ಕು ಪರಿಚಯವಾಗುತ್ತದೆ.

ಊರಿನಲ್ಲಿ ಉಳಿದ ಹಿರಿಯರ ವಿಷಯದಲ್ಲಿ ಬರಿಯ ಹಣ ಕಳುಹಿಸಿದರೆ ಸಾಲದು. ಔಷಧಿ ತಂದುಕೊಡುವವರು ಯಾರು, ರಾತ್ರಿ ಹೊತ್ತು ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂದು ಹೆಸರು ಹಿಡಿದು ನಿಗದಿಪಡಿಸಿ ಹೊರಡಿ. ಫೋನಿಗೆ ದಿನದ ಒಂದು ಹೊತ್ತು ಗೊತ್ತುಮಾಡಿ, ಅದನ್ನು ತಪ್ಪಿಸಬೇಡಿ. ಉಮ್ಮ ಆ ಹೊತ್ತಿಗಾಗಿಯೇ ಕಾದು ಕುಳಿತಿರುತ್ತಾರೆ.

ನೆಲ ಬದಲಾದ ಗಿಡ ಮೊದಲು ಬಾಡುತ್ತದೆ. ಬುಡಕ್ಕೆ ಊರಿನ ಒಂದಿಷ್ಟು ಮಣ್ಣು ಅಂಟಿಕೊಂಡಿದ್ದರೆ, ನೀರೆರೆಯುವವರೂ ಜೊತೆಗಿದ್ದರೆ, ಇನ್‌ಶಾ ಅಲ್ಲಾಹ್, ಮುಂದಿನ ಮಳೆಗಾಲದೊಳಗೆ ಚಿಗುರುತ್ತದೆ.