ಕಾಲು ಕೊಟ್ಟರೆ ಮುಗಿಯಲಿಲ್ಲ

ಕೃತಕ ಕಾಲು ನೋಡಿದಾಗ ನಮ್ಮ ಕಣ್ಣು ಹೋಗುವುದು ಪಾದದ ಕಡೆಗೆ. ಕಾಲು ಮಾಡುವವರ ಕಣ್ಣಿರುವುದು ಮೇಲ್ಗಡೆ, ಉಳಿದ ಮೋಟುಗಾಲು ಕೂರುವ ಸಾಕೆಟ್ಟಿನ ಮೇಲೆ. ಪಾದ ಸಿದ್ಧವಾಗಿಯೇ ಸಿಗುತ್ತದೆ, ಅಳತೆ ಹೇಳಿದರಾಯಿತು. ಸಾಕೆಟ್ ಹಾಗಲ್ಲ. ಅದನ್ನು ಹಾಕಿಕೊಳ್ಳುವವರನ್ನು ಎದುರಿಗೆ ಕೂರಿಸಿಕೊಂಡೇ ಶುರು ಮಾಡಬೇಕು.

ಮಂಡಿ ಕೆಳಗೆ ಕಾಲು ಕಳೆದುಕೊಂಡವರನ್ನೇ ತೆಗೆದುಕೊಳ್ಳಿ. ಮೋಟಿಗೆ ತೆಳುವಾದ ಹತ್ತಿಯ ಕಾಲುಚೀಲ ಏರಿಸಿ, ತಂತ್ರಜ್ಞ ಅದರ ಮೇಲೆ ನೇರಳೆ ಕಾಪಿಯಿಂಗ್ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಹೋಗುತ್ತಾನೆ: ಮಂಡಿಚಿಪ್ಪು, ಅದರ ಕೆಳಗಿನ ಗಟ್ಟಿ ಸ್ನಾಯುರಜ್ಜು, ಮುಂಗಾಲು ಮೂಳೆಯ ಏಣು, ಹೊರಮಗ್ಗುಲಿನ ಸಣ್ಣ ಮೂಳೆಯ ತಲೆ, ಕತ್ತರಿಸಿದ ಮೂಳೆಯ ತುದಿ. ಮೇಲೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಒಣಗಿ ಕಳಚಿದರೆ ಗುರುತುಗಳೆಲ್ಲ ಚಿಪ್ಪಿನ ಒಳಮೈಗೆ ಇಳಿದಿರುತ್ತವೆ. ಆ ಚಿಪ್ಪಿಗೆ ಪ್ಲಾಸ್ಟರ್ ಹೊಯ್ದು ಗಟ್ಟಿಯಾಗಿಸಿದರೆ ಮೋಟುಗಾಲಿನದೇ ಬಿಳಿ ಅಚ್ಚು, ಅದೇ ನೇರಳೆ ಗೆರೆಗಳ ಸಮೇತ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಕೆಲಸ. ಅಚ್ಚನ್ನು ಇದ್ದಂತೆ ಬಳಸುವುದಿಲ್ಲ. ಅರ ಹಿಡಿದು ಸ್ನಾಯುರಜ್ಜಿನ ಜಾಗದಲ್ಲಿ ಕೆರೆಯುತ್ತಾರೆ, ಮೂಳೆ ಏಣಿನ ಮೇಲೆ ಇನ್ನಷ್ಟು ಪ್ಲಾಸ್ಟರ್ ಮೆತ್ತುತ್ತಾರೆ. ಕೆರೆದಲ್ಲಿ ಸಾಕೆಟ್ ಒತ್ತಿ ಹಿಡಿಯುತ್ತದೆ, ಮೆತ್ತಿದಲ್ಲಿ ಸಡಿಲ ಬಿಡುತ್ತದೆ. ಭಾರ ತಾಳಬಲ್ಲ ಮಾಂಸಕ್ಕೆ ಭಾರ ಹೊರಿಸಿ, ತಾಳದ ಮೂಳೆಗೆ ಬಿಡುವು ಕೊಡುವ ಲೆಕ್ಕ ಇದು. ಒಂದೆರಡು ಮಿಲಿಮೀಟರ್ ತಪ್ಪಿದರೂ ಸಾಕು, ವಾರದೊಳಗೆ ಚರ್ಮ ಕೆಂಪಾಗಿ ಹುಣ್ಣೇಳಬಹುದು, ಕಾಲು ಮಂಚದ ಕೆಳಗೆ ಸೇರಬಹುದು. ಈಗ ಸ್ಕ್ಯಾನರ್, ಕಂಪ್ಯೂಟರ್ ಬಂದಿವೆ. ಆದರೂ ಎಲ್ಲಿ ಎಷ್ಟು ಕೆರೆಯಬೇಕೆಂದು ಹೇಳಬೇಕಾದವನು ಮೋಟುಗಾಲನ್ನು ಕೈಯಾರೆ ಒತ್ತಿ ನೋಡಿದವನೇ. ಕಾಯಿಸಿದ ಪಾಲಿಪ್ರೊಪಿಲೀನ್ ಹಾಳೆಯನ್ನು ಅಚ್ಚಿನ ಮೇಲೆ ಹೊದಿಸಿ ಗಾಳಿ ಹೀರಿಸುವುದು, ಕೊಳವೆ ಜೋಡಿಸುವುದು, ಪಾದ ಕೂರಿಸುವುದು ಎಲ್ಲ ಆಮೇಲಿನ ಮಾತು.

ಕಾಲು ಬರುವ ಮುಂಚೆಯೇ ನೋವು ಬಂದಿರುತ್ತದೆ. ಹೊಲಿಗೆಯ ನೋವಲ್ಲ, ಇಲ್ಲದ ಹೆಬ್ಬೆರಳು ಉರಿಯುವ, ಇಲ್ಲದ ಮೀನಖಂಡ ಹಿಂಡುವ ನೋವು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ವೈದ್ಯ ಸೈಲಾಸ್ ವಿಯರ್ ಮಿಚೆಲ್ ಇದನ್ನು ಕಂಡು ಬರೆದಿಟ್ಟ. ನಮ್ಮ ಮನೆಗಳಲ್ಲಿ ಇಂದಿಗೂ ‘ಅದೆಲ್ಲ ಭ್ರಮೆ, ಮಲಗು’ ಎನ್ನುತ್ತಾರೆ. ಭ್ರಮೆಯಲ್ಲ, ಕಾಲು ಹೋದರೂ ಮಿದುಳಿನಲ್ಲಿ ಅದರ ಜಾಗ ಖಾಲಿಯಾಗಿರುವುದಿಲ್ಲ. ನರದ ನೋವಿನ ಮಾತ್ರೆಗಳಿವೆ, ಮೋಟನ್ನು ಬಟ್ಟೆಯಿಂದ ಉಜ್ಜಿ ತಟ್ಟಿ ಪಳಗಿಸುವ ಅಭ್ಯಾಸವಿದೆ. ಚೆನ್ನೈನ ಸ್ಟಾನ್ಲಿ ಕಾಲೇಜಿನಲ್ಲಿ ವೈದ್ಯಕೀಯ ಓದಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿಕೊಟ್ಟ ಕನ್ನಡಿಯೂ ಇದೆ. ಇರುವ ಅಂಗದ ಬಿಂಬವನ್ನೇ ಇಲ್ಲದ ಅಂಗವೆಂದು ನೋಡುತ್ತಾ ಆಡಿಸುವುದು. ಕೆಲವರಿಗೆ ನೋವಿನ ಹಿಡಿತ ಸಡಿಲವಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಹೋದವರಿಗೆ ಕನ್ನಡಿ ಇನ್ನೊಂದು ಕೆಲಸಕ್ಕೂ ಬೇಕು: ಸ್ಪರ್ಶ ಮಂಕಾದ ಮೋಟಿನ ಅಡಿಯಲ್ಲಿ ಹುಣ್ಣೆದ್ದಿದೆಯೇ ಎಂದು ದಿನಾ ರಾತ್ರಿ ಹಿಡಿದು ನೋಡಲು.

ಇಂಥವರಿಗಾಗಿ ದುಡಿಯುವ ಸಂಸ್ಥೆಯೊಂದು ಬೆಂಗಳೂರಿನಲ್ಲಿದೆ. ಕಂಟೋನ್ಮೆಂಟಿನ ಆಚೆ, ಹೆಣ್ಣೂರು ರಸ್ತೆಯಿಂದ ಒಳಕ್ಕೆ ಲಿಂಗರಾಜಪುರದಲ್ಲಿ ಎಪಿಡಿ ಇದೆ, ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ. ಪೋಲಿಯೊ ಪೀಡಿತರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಹುಟ್ಟುಹಾಕಿದ ಸಂಸ್ಥೆ. ಶಾಲೆ, ಕೈಗಾರಿಕಾ ತರಬೇತಿ, ಚಿಕಿತ್ಸೆ, ಸಾಧನ ಸಲಕರಣೆ ಎಂದು ಬೆಳೆಯುತ್ತಾ ಬಂತು. ಅದು ಶುರುವಾದಾಗ ಜೈಪುರ ಪಾದವೂ ಇರಲಿಲ್ಲ. ಕುಶಲಕರ್ಮಿ ರಾಮಚಂದ್ರ ಶರ್ಮ, ಡಾ. ಪಿ.ಕೆ. ಸೇಠಿ ಕೂಡಿ ಅದನ್ನು ರೂಪಿಸಿದ್ದು 1968ರ ಹೊತ್ತಿಗೆ. ಆ ಪಾದ ಹಾಕಿಕೊಂಡು ಬರಿಗಾಲಲ್ಲಿ ನಡೆಯಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಗದ್ದೆಯ ಕೆಸರಿಗೂ ಇಳಿಯಬಹುದು. ಮೇಜು ಕುರ್ಚಿಯ ದೇಶಗಳಿಂದ ಬಂದ ಪಾದಗಳಿಗೆ ಇದು ಹೊಳೆದಿರಲಿಲ್ಲ.

ಕೃತಕ ಕಾಲು ಹಂಚುವ ಉಚಿತ ಶಿಬಿರಗಳ ಫೋಟೊಗಳು ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಒಳ್ಳೆಯ ಕೆಲಸವೇ. ಆದರೆ ಮೊದಲ ವರ್ಷದಲ್ಲಿ ಮೋಟುಗಾಲು ಸೊರಗುತ್ತದೆ. ಸಡಿಲವಾದ ಸಾಕೆಟ್ಟಿಗೆ ಒಂದು ಕಾಲುಚೀಲ, ಮೇಲೊಂದು, ಮತ್ತೊಂದು ಎಂದು ಹಾಕುತ್ತಾ ಹೋಗಿ ಕೊನೆಗೆ ಸಾಕೆಟ್ಟನ್ನೇ ಬದಲಿಸಬೇಕು. ಬೆಳೆಯುವ ಮಕ್ಕಳಿಗಂತೂ ಮೇಲಿಂದ ಮೇಲೆ. ಶಿಬಿರ ಅಷ್ಟರಲ್ಲಿ ಇನ್ನೊಂದು ಊರಿಗೆ ಹೋಗಿರುತ್ತದೆ. ಕಾಲು ಸರಿಯಾಗಿ ಕೂತರೂ ನಡೆಯಲು ದಾರಿ ಬೇಕಲ್ಲ. ಕೆ.ಆರ್. ಪುರದಿಂದ ಹಲಸೂರಿಗೆ ಈಗ ಮೆಟ್ರೊ ಇದೆ, ಲಿಫ್ಟೂ ಇದೆ. ನಿಲ್ದಾಣದಿಂದ ಹೊರಗೆ ಬಂದ ಮೇಲೆ? ಶಿವಾಜಿನಗರದಂಥ ಕಡೆ ಫುಟ್‌ಪಾತು ಬಿಟ್ಟು ಎರಡು ಕಾಲಿದ್ದವರೇ ರಸ್ತೆಗಿಳಿದು ನಡೆಯುತ್ತಾರೆ. ಚಿಕಿತ್ಸಾ ಕೇಂದ್ರದ ಸಮಾನಾಂತರ ಕಂಬಿಗಳ ನಡುವೆ ಕಲಿತ ನಡಿಗೆ ಇಲ್ಲಿ ಸಾಲದು.

ಕೆಲಸ ಸಿಗದಿದ್ದರೆ ನಡೆದು ಹೋಗುವುದಾದರೂ ಎಲ್ಲಿಗೆ ಎಂಬ ಪ್ರಶ್ನೆಗೆ ಎಪಿಡಿ ಕೊಟ್ಟ ಉತ್ತರಗಳಲ್ಲಿ ನನಗೆ ಇಷ್ಟವಾದದ್ದು ಇಂದಿರಾನಗರದ ಮಗ್ಗುಲಿನ ಜೀವನಬಿಮಾ ನಗರದಲ್ಲಿ ಬೆಳೆಸಿದ ತೋಟಗಾರಿಕೆ ತರಬೇತಿ ಕೇಂದ್ರ. ಕಸಿ ಕಟ್ಟುವುದು, ಗೊಬ್ಬರ ಬೆರೆಸುವುದು, ಕುಂಡ ತುಂಬುವುದನ್ನು ಅಂಗವೈಕಲ್ಯವುಳ್ಳವರಿಗೆ ಅಲ್ಲಿ ಕಲಿಸಿದರು. ಬಡಾವಣೆಯವರು ಬಂದು ಬಾಲ್ಕನಿಗೆಂದು ಗಿಡ ಒಯ್ದರು. ಈಗ ಆ ಸುತ್ತಿನಲ್ಲಿ ಬಾಲ್ಕನಿಗಳು ಹೆಚ್ಚಿವೆ, ಮಣ್ಣಿನ ಜಾಗ ಕಡಿಮೆಯಾಗುತ್ತಿದೆ.