ನಮ್ಮೂರಾಗ ಯಾರೂ ಸಿಗರೇಟ್ ಸೇದೂದಿಲ್ರಿ

ಗರ್ಭಿಣಿಯರು ಧೂಮಪಾನ ಮಾಡಿದರೆ ಏನಾಗುತ್ತೆ ಅಂತ ಮೊನ್ನೆ ಕಾರ್ಯಕ್ರಮದಲ್ಲಿ ಮಾತಾಡಿದ್ದೆ. ಮುಗಿಯೋ ಹೊತ್ತಿಗೆ ಸಿಂದಗಿ ತಾಲ್ಲೂಕಿನ ಮೋರಟಗಿಯಿಂದ ಒಂದು ಫೋನ್ ಬಂತು. ದನಿಯಲ್ಲಿ ಸಿಟ್ಟಿತ್ತು. "ಸರ, ನಮ್ಮೂರಾಗ ಹೆಣ್ಣಮಕ್ಕಳು ಸಿಗರೇಟ್ ಸೇದೂದಿಲ್ರಿ. ಬೆಂಗಳೂರ ಸುದ್ದಿ ನಮಗ್ಯಾಕ?"

ನಿಜ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ನಮ್ಮ ದೇಶದ ಹೆಂಗಸರಲ್ಲಿ ಸೇದುವವರು ನೂರಕ್ಕೆ ಇಬ್ಬರು. ಆದರೆ ಹೊಗೆ ಇಲ್ಲದ ತಂಬಾಕು ಬಳಸುವ ಹೆಂಗಸರು ನೂರಕ್ಕೆ ಸುಮಾರು 13! ನಾನು ಕೇಳಿದೆ: "ಮನೇಲಿ ಮಿಶ್ರಿ ತಿಕ್ತಾರಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನಮ್ಮವ್ವ ತಿಕ್ತಾಳ್ರಿ. ನನ್ನ ಹೆಂಡ್ತಿನೂ... ಅದು ಹಲ್ಲಪುಡಿ ಅಲ್ಲೇನ್ರಿ?" ಹೆಂಡತಿಗೆ ಆರು ತಿಂಗಳು.

ಅಲ್ಲ. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗೋವರೆಗೆ ಹುರಿದು ಪುಡಿ ಮಾಡಿದರೆ ಮಿಶ್ರಿ. ಒಸಡಿನ ಮೂಲಕ ನಿಕೋಟಿನ್ ನೇರ ರಕ್ತಕ್ಕೆ ಇಳಿಯುತ್ತೆ. ಹಲ್ಲುಪುಡಿ, ಪೇಸ್ಟಿಗೆ ತಂಬಾಕು ಬೆರೆಸೋದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಅಡುಗೆಮನೆ ಹಂಚಿಗೆ ಯಾವ ಕಾನೂನು ಹೋಗುತ್ತೆ, ಹೇಳಿ?

ಮುಂಬೈಯಲ್ಲಿ 1,217 ಗರ್ಭಿಣಿಯರನ್ನು ಹೆರಿಗೆವರೆಗೂ ಗಮನಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯ್ತು. ಅಲ್ಲಿ ತಂಬಾಕು ಬಳಸುತ್ತಿದ್ದವರಲ್ಲಿ ಹೆಚ್ಚಿನವರದ್ದು ಇದೇ ಮಿಶ್ರಿ. ಅವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ. ನೂರು ಗ್ರಾಂ ಏನು ಮಹಾ ಅನ್ನಬೇಡಿ. ಎರಡೂವರೆ ಕೆಜಿಯ ಗೆರೆ ಹತ್ತಿರ ಇರೋ ಕೂಸಿಗೆ ಅದೇ ದೊಡ್ಡದು. ದಿನ ತುಂಬುವ ಮೊದಲೇ ಹೆರಿಗೆಯಾಗೋದೂ ಅವರಲ್ಲಿ ಹೆಚ್ಚಿತ್ತು.

ಕಾರಣ ಸರಳ. ನಿಕೋಟಿನ್ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಮಗುವಿಗೆ ಹೋಗೋ ರಕ್ತ ಕಡಿಮೆಯಾಗುತ್ತೆ. ಬೀಡಿ ಹೊಗೆಯಾದರೆ ಕಾರ್ಬನ್ ಮಾನಾಕ್ಸೈಡ್ ಬೇರೆ. ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಅದು ಹಿಡಿಯುತ್ತೆ. ಅದೂ ಎಂಥ ರಕ್ತ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ, ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ.

ಇಷ್ಟು ಹೇಳಿ "ಹೆಣ್ಣುಮಕ್ಕಳಿಗೆ ಬುದ್ಧಿ ಇಲ್ಲ" ಅಂತ ಮುಗಿಸೋದು ಟಿವಿಯವರಾದ ನಮಗೆ ಬಹಳ ಸುಲಭ. ಆಕೆ ಯಾಕೆ ತಿಕ್ಕುತ್ತಾಳೆ? ತಂಬಾಕು ಹಸಿವು ಕೊಲ್ಲುತ್ತೆ. ಬೆಳಿಗ್ಗೆ ಕಬ್ಬಿನ ಗದ್ದೆಗೋ ಕೂಲಿಗೋ ಹೋದವಳಿಗೆ ಮಧ್ಯಾಹ್ನದ ಬುತ್ತಿವರೆಗೂ ಅದೇ ಆಧಾರ. ಹಲ್ಲುನೋವಿಗೆ ದಂತವೈದ್ಯರ ಹತ್ತಿರ ಹೋಗೋಕೆ ಬಸ್ಸು, ಕೂಲಿ ಬಿಟ್ಟ ದಿನ, ದುಡ್ಡು ಬೇಕು. ಮಿಶ್ರಿಗೆ ಒಂದು ಚಿಟಿಕೆ ಸಾಕು. ಬೇಗ ಮದುವೆಯಾಗಿ ಬಂದ ಸೊಸೆಗೆ ಅತ್ತೆಯೇ ಡಬ್ಬಿ ಚಾಚಿದಾಗ ಬೇಡ ಅನ್ನೋ ಧೈರ್ಯ ಎಲ್ಲಿಂದ ಬರಬೇಕು? ಶ್ರೀಮಂತ ದೇಶಗಳಲ್ಲೂ ಬಸುರಿಯಾದಾಗ ಸಿಗರೇಟು ಬಿಡಲಾಗದವರಲ್ಲಿ ಬಡವರು, ಓದು ಕಡಿಮೆ ಇರುವವರು, ಚಿಕ್ಕ ವಯಸ್ಸಿನವರೇ ಹೆಚ್ಚು. ಗಂಡ ಸೇದುತ್ತಿದ್ದರಂತೂ ಬಿಡೋದು ಇನ್ನೂ ಕಷ್ಟ. ಅಲ್ಲಿ ಸಿಗರೇಟು, ಇಲ್ಲಿ ಡಬ್ಬಿ.

ಅದಕ್ಕೇ ತಪಾಸಣೆಯಲ್ಲಿ "ಸಿಗರೇಟ್ ಸೇದ್ತೀಯಾ?" ಅಂತ ಕೇಳಿದರೆ ಆಕೆ ನಗುತ್ತಾಳೆ, ಅಷ್ಟೇ. ಆಶಾ ಕಾರ್ಯಕರ್ತೆಯರು "ಹಲ್ಲಿಗೆ ಏನು ತಿಕ್ತೀಯವ್ವಾ?" ಅಂತ ಕೇಳಬೇಕು. ಬಿಡೋಕೆ ನೆರವು ಬೇಕಿದ್ದರೆ 1800-11-2356ಕ್ಕೆ ಉಚಿತ ಕರೆ ಮಾಡಬಹುದು.

ಫೋನಿನವರನ್ನು ಕೇಳಿದೆ, "ನೀವು ಬೀಡಿ?" "ಸೇದ್ತೀನ್ರಿ." "ಎಲ್ಲಿ?" "ಮನ್ಯಾಗ." ಅದು ಇವತ್ತಿನಿಂದಲೇ ಹೊರಗೆ ಹೋಗಬೇಕು ಅಂದೆ. ಒಪ್ಪಿದರು. "ಬೀಡಿದು ನಾ ನೋಡ್ಕೋತೀನ್ರಿ. ಆದ್ರ ನಮ್ಮವ್ವ ನನ್ನ ಮಾತು ಕೇಳೂದಿಲ್ಲ, ನೀವ ಟಿವ್ಯಾಗ ಹೇಳ್ರಿ."

ಹೇಳ್ತಿದ್ದೀನಿ. ಅಮ್ಮಾ, ಸೊಸೆಗೆ ಒಂದು ರೊಟ್ಟಿ ಜಾಸ್ತಿ ಹಾಕಿ. ಹೆರಿಗೆಯಾಗಿ ಕೂಸು ಎದೆಹಾಲು ಬಿಡೋವರೆಗೂ ಡಬ್ಬಿ ಆಕೆ ಕೈಗೆ ಕೊಡಬೇಡಿ. ಆಮೇಲೂ ಆಕೆ ಕೇಳದಿದ್ದರೆ, ನೀವಾಗಿ ಚಾಚಬೇಡಿ.